ಜವರಪ್ಪನವರ ‘ಪರವಾಗಿಲ್ಲ’

ಜವರಪ್ಪನವರ ಬಾಯಿಂದ ‘ಚೆನ್ನಾಗಿದೆ’ ಅನ್ನುವ ಮಾತು ಉದುರಿದ್ದನ್ನು ಕೇಳಿದವರು ಸರಸ್ವತಿಪುರಂನ ಆ ಅಡ್ಡರಸ್ತೆಯಲ್ಲಿ ಒಬ್ಬರೂ ಇಲ್ಲ. ಮದುವೆಮನೆಯಲ್ಲಿ ಎರಡು ಸಲ ಪಾಯಸ ಬಡಿಸಿಕೊಂಡು, ಎಲೆಯನ್ನು ಒರೆಸಿದ ಹಾಗೆ ಉಂಡು ಎದ್ದು ಬಂದವರನ್ನು ಹಿಡಿದು ‘ಊಟ ಹೆಂಗಿತ್ತು ಸಾರ್?’ ಅಂತ ಕೇಳಿ ನೋಡಿ. ‘ಪರವಾಗಿಲ್ಲ’ ಅನ್ನುತ್ತಾರೆ. ಪಕ್ಕದ ಮನೆಯ ಕುಸುಮಾ ಪಡಬಾರದ ಪಾಡು ಪಟ್ಟು ಮಹಡಿ ಕಟ್ಟಿಸಿದಾಗ ಮೊದಲು ಇವರನ್ನೇ ಕರೆದು ಒಂದೊಂದು ಕೋಣೆಯನ್ನೂ ತೋರಿಸಿದರು. ಜವರಪ್ಪ ಗೋಡೆಯ ಮೇಲೆ ಕೈಯಾಡಿಸಿದರು, ಕಿಟಕಿ ತೆಗೆದು ಮುಚ್ಚಿ ನೋಡಿದರು, ‘ಪರವಾಗಿಲ್ಲ ಕಣಮ್ಮ’ ಅಂದು ಚಪ್ಪಲಿ ಮೆಟ್ಟಿಕೊಂಡು ಬಂದರು. ಕುಸುಮಾ ಆಮೇಲೆ ಬಹಳ ದಿನ ಇವರ ಮನೆ ಕಡೆ ತಲೆ ಹಾಕಲಿಲ್ಲ. ಮನುಷ್ಯ ಕೆಟ್ಟವರೇನಲ್ಲ, ಹಾಗಂದರೆ ಪಾಪ ಬಂದೀತು. ಯಾರ ತಂಟೆಗೂ ಹೋದವರಲ್ಲ, ಯಾರನ್ನೂ ಆಡಿಕೊಂಡವರಲ್ಲ. ನಾಲಿಗೆ ಮಾತ್ರ ಆ ಒಂದು ಮಾತಿನಿಂದ ಆಚೆ ಹೊರಳುತ್ತಿರಲಿಲ್ಲ.

ಇದೇನು ಹುಟ್ಟುಗುಣವಲ್ಲ, ಹೊಟ್ಟೆಪಾಡು ಕಲಿಸಿದ ಗುಣ. ನರಸೀಪುರದ ಕಡೆಯಿಂದ ಮೈಸೂರಿಗೆ ಬಂದ ಜವರಪ್ಪ ಕಡಕೊಳದ ಒಂದು ಶರ್ಟಿನ ಕಾರ್ಖಾನೆಯಲ್ಲಿ ಚೆಕ್ಕರ್ ಆಗಿ ಸೇರಿ, ಅದೇ ಮೇಜಿನ ಮುಂದೆ ನಿಂತು ನಿಂತು ನಿವೃತ್ತರಾದವರು. ಹೊಲಿದು ಬಂದ ಶರ್ಟನ್ನು ಮಗುಚಿ ಹಾಕಿ, ಕಾಲರು, ಕಾಜ, ಕಂಕುಳ ಹೊಲಿಗೆ ಎಲ್ಲ ನೋಡಿ, ತಪ್ಪಿದ್ದರೆ ವಾಪಸ್ ಎಸೆಯಬೇಕು, ಇಲ್ಲದಿದ್ದರೆ ಮುಂದಕ್ಕೆ ತಳ್ಳಬೇಕು. ಸೇರಿದ ಹೊಸದರಲ್ಲಿ ಒಂದು ಶರ್ಟನ್ನು ಎತ್ತಿ ಹಿಡಿದು ‘ಬಲು ಚೆನ್ನಾಗದೆ’ ಅಂದುಬಿಟ್ಟರಂತೆ. ಅದೇ ಶರ್ಟು ತೋಳಿನ ಹೊಲಿಗೆ ಬಿಟ್ಟಿದೆ ಅಂತ ತಿರುಗಿ ಬಂತು. ಸೂಪರ್‌ವೈಸರ್ ಶಿವರುದ್ರಪ್ಪ ಇಡೀ ಸೆಕ್ಷನ್ ಮುಂದೆ ಆ ಶರ್ಟನ್ನು ಇವರ ಹೆಗಲ ಮೇಲೆ ಹಾಕಿ, ‘ಚೆನ್ನಾಗದಲ್ಲ, ನೀನೇ ಹಾಕ್ಕೋ’ ಅಂದರು. ಅಂದಿನಿಂದ ಜವರಪ್ಪ ‘ಪರವಾಗಿಲ್ಲ’ಕ್ಕೆ ಅಂಟಿಕೊಂಡರು. ಆ ಮಾತನ್ನು ಹಿಡಿದು ನಾಳೆ ಯಾರೂ ಪ್ರಶ್ನೆ ಕೇಳುವ ಹಾಗಿಲ್ಲ. ಹೊಲಿಯುವ ಹೆಣ್ಣುಮಕ್ಕಳಿಗೂ ಅದು ಅರ್ಥವಾಗಿತ್ತು. ‘ಜವರಪ್ಪಣ್ಣ ಪರವಾಗಿಲ್ಲ ಅಂದ್ರು’ ಅಂದರೆ ಅವತ್ತು ಅವರು ನೆಮ್ಮದಿಯಾಗಿ ಬುತ್ತಿ ಬಿಚ್ಚುತ್ತಿದ್ದರು.

ಮನೆಯಲ್ಲಿ ಈ ಭಾಷೆಗೆ ಒಬ್ಬ ದುಭಾಷಿ ಇದ್ದರು. ಹೆಂಡತಿ ಪುಟ್ಟಲಿಂಗಮ್ಮ. ಮಗಳು ಧರಣಿ ಶಾಲೆಯಲ್ಲಿ ಬಹುಮಾನ ತಂದು ತೋರಿಸಿದರೆ ಜವರಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ ‘ಪರವಾಗಿಲ್ಲ’ ಅನ್ನುವರು. ಮಗುವಿನ ಮುಖ ಸಪ್ಪಗಾಗುವುದು. ಪುಟ್ಟಲಿಂಗಮ್ಮ ಮಗಳನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, ‘ನಿಮ್ಮಪ್ಪ ಒಳಗೊಳಗೇ ಕುಣೀತಾವ್ರೆ ಕಣವ್ವ. ಕಿವಿ ನೋಡೋಗು, ಕೆಂಪಗಾಗವೆ’ ಅನ್ನುವರು. ಧರಣಿ ಬಾಗಿಲ ಸಂದಿಯಿಂದ ಇಣುಕಿದರೆ ಅಪ್ಪನ ಕಿವಿ ನಿಜಕ್ಕೂ ಕೆಂಪಗಾಗಿರುತ್ತಿದ್ದವು. ಹೀಗೆ ಆ ಸಂಸಾರ ನಡೆಯಿತು. ಗಂಡ ಒಂದೇ ಮಾತಾಡುವುದು, ಹೆಂಡತಿ ಅದನ್ನು ಬಿಡಿಸಿ ಹತ್ತು ಮಾತು ಮಾಡಿ ಮಗಳಿಗೆ ಉಣಿಸುವುದು.

ಪುಟ್ಟಲಿಂಗಮ್ಮ ತೀರಿಕೊಂಡಿದ್ದು ಹೋದ ವರ್ಷದ ಹಿಂದಿನ ವರ್ಷ, ಬುದ್ಧ ಪೂರ್ಣಿಮೆ ಕಳೆದ ಮೇಲೆ. ಅಲ್ಲಿಗೆ ಮನೆಯಲ್ಲಿ ದುಭಾಷಿ ಇಲ್ಲದಂತಾಯಿತು. ಜವರಪ್ಪನವರಿಗೆ ಅದು ಹೊಳೆಯಲೇ ಇಲ್ಲ. ಅವರು ತಮ್ಮ ಪಾಡಿಗೆ ಹಳೆಯ ಮಾತನ್ನೇ ಆಡಿಕೊಂಡಿದ್ದರು.

ಈ ಕತೆಗೆ ಒಂದು ಮುಂಗುಸಿ ಮತ್ತು ಒಂದು ಎಮ್ಮೆ ಬಂದಿದ್ದು ಧರಣಿ ಚಿಕ್ಕವಳಿದ್ದಾಗ. ಮಂಡಿ ಮೊಹಲ್ಲಾದಲ್ಲಿ ಬೇಳೆಕಾಳು ಕೊಳ್ಳಲು ಹೋಗಿದ್ದ ಜವರಪ್ಪ, ಅಲ್ಲಿನ ರದ್ದಿ ಅಂಗಡಿಯಲ್ಲಿ ಕಂಡ ಹಳೆಯ ಮಕ್ಕಳ ಕತೆಪುಸ್ತಕಗಳ ಒಂದು ಕಟ್ಟನ್ನು ಹೊತ್ತು ತಂದಿದ್ದರು. ಎಲ್ಲವೂ ಮುಂಗಪ್ಪ ಅನ್ನುವ ಮುಂಗುಸಿ ಮತ್ತು ಎಮ್ಮೆ ದೊಡ್ಡಮ್ಮನ ಕತೆಗಳೇ. ಮುಂಗಪ್ಪ ತಲೆಗೆ ಪೇಟ ಸುತ್ತಿಕೊಂಡು ಊರ ಉಸಾಬರಿಯನ್ನೆಲ್ಲ ಮೈಮೇಲೆ ಎಳೆದುಕೊಳ್ಳುವುದು, ದೊಡ್ಡಮ್ಮ ನಿಧಾನಕ್ಕೆ ಬಂದು ಬಿಡಿಸುವುದು. ಒಂದು ಕಾಲದಲ್ಲಿ ಮೈಸೂರಿನ ಮಕ್ಕಳೆಲ್ಲ ಇದನ್ನು ಓದಿಕೊಂಡೇ ಬೆಳೆದವರು. ಜವರಪ್ಪ ಓದುವುದೆಂದರೆ ಹಾಜರಿ ಕೂಗಿದ ಹಾಗೆ, ಏರಿಲ್ಲ ಇಳಿವಿಲ್ಲ. ಓದು ಬಾರದ ಪುಟ್ಟಲಿಂಗಮ್ಮನೇ ಎದ್ದು ಸೆರಗು ತಲೆಗೆ ಹೊದ್ದು ದೊಡ್ಡಮ್ಮನಾಗುತ್ತಿದ್ದರು. ಸೊಂಟದ ಮೇಲೆ ಕೈ, ತೂಗುತ್ತ ನಾಲ್ಕು ಹೆಜ್ಜೆ. ಧರಣಿ ಬಿದ್ದು ಬಿದ್ದು ನಗುತ್ತಿದ್ದಳು.

ಆ ಹುಡುಗಿ ಗೋಡೆಯ ಮೇಲೆ ಇದ್ದಿಲಲ್ಲಿ ಗೀಚಲು ಶುರು ಮಾಡಿದ್ದು, ಚಿತ್ರಕಲೆ ಓದಿ, ಮೈಸೂರಿನಲ್ಲೇ ಒಂದು ಸಣ್ಣ ಅನಿಮೇಷನ್ ಸ್ಟುಡಿಯೋಗೆ ಸೇರುವಲ್ಲಿಗೆ ಬಂತು. ನಾಕಾರು ವರ್ಷ ಜಾಹೀರಾತಿನ ಟೂತ್‌ಪೇಸ್ಟು, ಸೋಪು ಕುಣಿಸಿದಳು. ಆಮೇಲೆ ಯಾರೋ ಪುಣ್ಯಾತ್ಮರು ಹಳೆಯ ಮುಂಗಪ್ಪನನ್ನು ದೊಡ್ಡ ಪರದೆಗೆ ತರುತ್ತೇವೆ ಅಂತ ಹೊರಟರು. ಇಡೀ ಕುಟುಂಬ ಕೂತು ನೋಡುವ ಅನಿಮೇಷನ್ ಚಿತ್ರ. ಧರಣಿಯ ಪಾಲಿಗೆ ಬಂದದ್ದು ಎಮ್ಮೆ ದೊಡ್ಡಮ್ಮ. ಅದರ ನಡಿಗೆ, ನಿಲುವು, ಕತ್ತು ಕೊಂಕಿಸುವುದು ಎಲ್ಲ ಅವಳದೇ.

ಜವರಪ್ಪನವರಿಗೆ ಒಳಗೆ ಬೇರೆಯದೇ ಕೊರೆತ. ಸ್ಟುಡಿಯೋ ಕೆಲಸ ಇವತ್ತಿದ್ದರೆ ನಾಳೆ ಇಲ್ಲ, ಪಿ.ಎಫ್. ಇಲ್ಲ, ಹೊತ್ತುಗೊತ್ತಿಲ್ಲ. ತಾವು ಕಣ್ಣು ಮುಚ್ಚಿದರೆ ಹುಡುಗಿಗೆ ಯಾರು ದಿಕ್ಕು ಅಂತ ಹೆದರಿಕೊಂಡು, ಕಡಕೊಳದಲ್ಲೇ ಈಗ ಒಂದು ಊದುಬತ್ತಿ ಕಾರ್ಖಾನೆಯ ಮ್ಯಾನೇಜರ್ ಆಗಿದ್ದ ಅದೇ ಶಿವರುದ್ರಪ್ಪನವರ ಮನೆ ಬಾಗಿಲು ತಟ್ಟಿದರು. ‘ಪ್ಯಾಕೆಟ್ ಮ್ಯಾಲೆ ಹೂವು ಗೀವು ಬರಿಯೋ ಕೆಲಸ ಅದೆ, ಕಳಿಸು’ ಅಂದರು ಶಿವರುದ್ರಪ್ಪ. ಧರಣಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ‘ಪಿಚ್ಚರ್ ಬರ್ಲಿ ಅಪ್ಪ, ಆಮೇಲೆ ಹೇಳ್ತೀನಿ’ ಅಂದಳು. ಸ್ಟುಡಿಯೋದವರೂ ಎರಡನೇ ಭಾಗಕ್ಕೆ ಇರುತ್ತೀಯಾ ಇಲ್ಲವಾ ಅಂತ ಕೇಳುತ್ತಿದ್ದರು. ಒಂದು ಸಂಜೆ ಕುಸುಮಾ ಜೊತೆ ಕರಿಬೇವು ಬಿಡಿಸುತ್ತ ಕೂತಿದ್ದಾಗ ಮಾತ್ರ ಅವಳ ಮನಸ್ಸು ಬಾಯಿಗೆ ಬಂತು.

‘ಅವ್ವ ಇದ್ದಿದ್ರೆ ಅವ್ವನ್ನೇ ಕೇಳ್ತಿದ್ದೆ ಆಂಟಿ. ಈಗ ಅಪ್ಪ ಒಂದೇ ಒಂದ್ಸಲ ಬಾಯ್ಬಿಟ್ಟು ಚೆನ್ನಾಗಿದೆ ಅಂದ್ಬುಟ್ರೆ ಸಾಕು, ಏನಾದ್ರೂ ಆಗ್ಲಿ ಅಂತ ಇದೇ ಕೆಲಸದಲ್ಲಿ ಇದ್ದುಬುಡ್ತೀನಿ. ಇಲ್ದಿದ್ರೆ ಊದುಬತ್ತಿಗೆ ಹೋಗ್ತೀನಿ.’

ಕುಸುಮಾ ಇದನ್ನು ಜವರಪ್ಪನವರ ಕಿವಿಗೆ ಹಾಕಬಹುದಿತ್ತು. ಹೇಳಿಸಿ ಅನ್ನಿಸಿದ ಮಾತಿಗೆ ಬೆಲೆ ಏನು ಅಂತ ಸುಮ್ಮನಾದರು. ಅವರದೂ ತಪ್ಪು ಅನ್ನೋಣವೇ? ಅನ್ನುವುದು ಕಷ್ಟ.

ಚಿತ್ರ ಬಂತು. ಮೊದಲ ಭಾನುವಾರ ಬೆಳಗಿನ ಆಟಕ್ಕೆ ಸ್ಟುಡಿಯೋದವರ ಮನೆಯವರಿಗೆಲ್ಲ ಟಿಕೆಟ್ಟು. ಜವರಪ್ಪ ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು, ಹೆಗಲಿಗೆ ಟವೆಲ್ಲು ಹಾಕಿಕೊಂಡು ಹೋದರು. ಮನೆಯವರಿಗೆ ನಡುವಿನ ಸಾಲು, ಕೆಲಸ ಮಾಡಿದವರೆಲ್ಲ ಹಿಂದಿನ ಗೋಡೆಗೆ ಒರಗಿ ನಿಂತಿದ್ದರು. ಧರಣಿಯೂ ಅಲ್ಲೇ ನಿಂತಳು. ಜನ ಎಲ್ಲಿ ನಗುತ್ತಾರೆ, ಎಲ್ಲಿ ಆಕಳಿಸುತ್ತಾರೆ ಅಂತ ನೋಡುವುದೇ ಅವರಿಗೆ ಆಟ.

ಮುಂಗಪ್ಪ ಬಂದಾಗ ಮಕ್ಕಳು ಕುರ್ಚಿಯ ಮೇಲೆ ಹತ್ತಿ ನಿಂತರು. ಜವರಪ್ಪ ಕೈ ಕಟ್ಟಿಕೊಂಡು, ಮೇಜಿನ ಮೇಲೆ ಶರ್ಟು ಬಂದಂತೆ, ಎಲ್ಲಿ ಹೊಲಿಗೆ ಬಿಟ್ಟಿದೆಯೋ ಅಂತ ನೋಡುತ್ತಿದ್ದರು. ಅಷ್ಟರಲ್ಲಿ ಕೆರೆ ಏರಿಯ ಮೇಲೆ ಎಮ್ಮೆ ದೊಡ್ಡಮ್ಮ ಬಂದಳು. ತಲೆಯ ಮೇಲೆ ಸೆರಗು, ಸೊಂಟದ ಮೇಲೆ ಕೈ. ನಾಲ್ಕು ಹೆಜ್ಜೆ ಇಟ್ಟಳು, ನಿಂತಳು. ಪಕ್ಕದ ಹೊಂಗೆ ಮರದ ಕಡೆ ಕತ್ತೆತ್ತಿ, ‘ಓ, ಈ ಮರ ಎಷ್ಟು ಹೂ ಬುಟ್ಟದೆ ನೋಡು’ ಅಂದಳು. ಮತ್ತೆ ನಾಲ್ಕು ಹೆಜ್ಜೆ, ಮತ್ತೆ ನಿಂತು, ‘ಓ, ಅಲ್ಲಿ ಕೊಕ್ಕರೆ ನೋಡು’ ಅಂದಳು. ಅತ್ತ ಊರಿಗೆ ಬೆಂಕಿ ಬಿದ್ದಿದೆ, ಇವಳು ಮರ ನೋಡುತ್ತ ನಿಂತಿದ್ದಾಳೆ ಅಂತ ಇಡೀ ಥಿಯೇಟರು ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಜವರಪ್ಪ ಕಟ್ಟಿಕೊಂಡಿದ್ದ ಕೈ ಬಿಟ್ಟು ಮುಂದಕ್ಕೆ ಬಾಗಿದರು. ಪುಟ್ಟಲಿಂಗಮ್ಮನಿಗೆ ಕೊನೆಗಾಲದಲ್ಲಿ ಎಡಮಂಡಿ ಸವೆದು ಹೋಗಿತ್ತು. ಗಂಡನ ಜೊತೆ ನಡೆಯುವಾಗ ನೋಯುತ್ತದೆ ಅಂತ ಬಾಯಿ ಬಿಡುತ್ತಿರಲಿಲ್ಲ. ನೋವು ತಡೆಯಲಾಗದಾಗ ನಿಂತು, ಮರವನ್ನೋ ಹಕ್ಕಿಯನ್ನೋ ತೋರಿಸಿ ಉಸಿರು ತೆಗೆದುಕೊಳ್ಳುತ್ತಿದ್ದರು. ಜವರಪ್ಪನವರಿಗೆ ಅದು ಗೊತ್ತಿತ್ತು. ಗೊತ್ತಿದೆ ಅಂತ ತೋರಿಸಿಕೊಳ್ಳದೆ, ತಾವೂ ನಿಂತು ಆ ಮರವನ್ನು ನೋಡುತ್ತಿದ್ದರು. ಧರಣಿಗೂ ಇದು ಗೊತ್ತಿತ್ತೆಂದು ಅವರಿಗೆ ತಿಳಿದದ್ದು ಆ ಕತ್ತಲಲ್ಲಿ. ಅಷ್ಟು ಜನರ ನಡುವೆ, ದೊಡ್ಡಮ್ಮ ಯಾಕೆ ನಿಲ್ಲುತ್ತಾಳೆ ಅಂತ ಬಲ್ಲವರು ಇಬ್ಬರೇ. ಒಬ್ಬಳು ಹಿಂದಿನ ಗೋಡೆಗೆ ಒರಗಿದ್ದಳು, ಇನ್ನೊಬ್ಬರು ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ಅಳುತ್ತಿದ್ದರು. ದೊಡ್ಡಮ್ಮ ಬಂದಾಗಲೆಲ್ಲ ಜನ ನಕ್ಕರು. ಜವರಪ್ಪ ಚಿತ್ರ ಮುಗಿಯುವವರೆಗೂ ಟವೆಲ್ಲು ತೆಗೆಯಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಜಾತ್ರೆಯಷ್ಟು ಗಲಾಟೆ. ಯಾವುದೋ ಯೂಟ್ಯೂಬ್ ಚಾನೆಲ್ಲಿನ ಗಗನ ಅನ್ನುವ ಹುಡುಗಿ ಮೈಕು ಹಿಡಿದು ಬಂದವರ ಬಾಯಿಗೆಲ್ಲ ಇಡುತ್ತಿದ್ದಳು. ಜನರಿಗೂ ಅಭಿಪ್ರಾಯ ಹೇಳುವುದೆಂದರೆ ಸಡಗರ. ಒಬ್ಬ ನಿವೃತ್ತ ಮೇಷ್ಟ್ರು, ‘ನಮ್ಮ ಕಾಲದ ಮುಂಗಪ್ಪ ಪೇಟ ಕಟ್ಟುತ್ತಿದ್ದ ಕಣಮ್ಮ, ಇವರು ಅವನಿಗೆ ಟೋಪಿ ಹಾಕಿಬಿಟ್ಟಿದ್ದಾರೆ, ನಮಗೂ ಹಾಕಿದ್ದಾರೆ’ ಅಂತ ಹರಿಹಾಯ್ದರು. ಒಬ್ಬ ತಾಯಿ, ‘ನಮ್ಮ ಪಾಪು ಮೊಬೈಲ್ ಕೇಳದೆ ಎರಡು ಗಂಟೆ ಕೂತಿತ್ತು ಕಣ್ರೀ, ಅಷ್ಟು ಸಾಕು’ ಅಂದರು. ಒಬ್ಬ ಕಾಲೇಜು ಹುಡುಗ ಫಸ್ಟ್ ಹಾಫ್ ಎಳೆದಿದ್ದಾರೆ, ಸೆಕೆಂಡ್ ಹಾಫ್ ಸೂಪರ್ ಅಂತ ತೀರ್ಪು ಕೊಟ್ಟ. ಹಲ್ಲುದುರಿದ ಒಂದು ಪುಟ್ಟ ಹುಡುಗಿ, ‘ಎಮ್ಮೆ ಥೇಟ್ ನಮ್ಮಜ್ಜಿ ಥರಾನೇ ನಡೀತದೆ’ ಅಂತ ಹೇಳಿ ಅಮ್ಮನ ಹಿಂದೆ ಬಚ್ಚಿಟ್ಟುಕೊಂಡಳು.

ಅದರ ಹಿಂದೆಯೇ ಜವರಪ್ಪ ಬಂದರು. ಬಿಳಿ ಶರ್ಟು, ಬಿಳಿ ಮೀಸೆ. ಮೈಕಿನವರಿಗೆ ಇಂಥ ಹಿರಿಯರೇ ಬೇಕು.

‘ಸರ್, ಸಿನಿಮಾ ಹೇಗಿತ್ತು?’

ಜವರಪ್ಪ ಹೆಗಲ ಟವೆಲ್ಲು ಸರಿಮಾಡಿಕೊಂಡರು. ಇನ್ನೊಂದು ಮಾತಾಡಿದರೆ ಇಷ್ಟು ಜನರ ಮುಂದೆ ಮಗುವಿನ ಹಾಗೆ ಗೊಳೋ ಅಂದುಬಿಡುತ್ತೇನೆ ಅನ್ನಿಸಿತು. ಹಾಗಾಗಿ ಕೈಗೆ ಸಿಕ್ಕಿದ್ದನ್ನೇ ಹಿಡಿದುಕೊಂಡರು.

‘ಪರವಾಗಿಲ್ಲ.’

‘ಎಮ್ಮೆ ದೊಡ್ಡಮ್ಮ ಇಷ್ಟ ಆದ್ಳಾ ಸರ್?’

‘ಪರವಾಗಿಲ್ಲ.’

‘ನಗು ಬಂತಾ?’

‘ಇಲ್ಲ.’

‘ಅಷ್ಟೇನಾ ಸರ್?’

‘ಅಷ್ಟೇ’ ಅಂದು ಜವರಪ್ಪ ಮುಖ ತಿರುಗಿಸಿಕೊಂಡು ಮೆಟ್ಟಿಲಿಳಿದರು. ಅದರಲ್ಲಿ ಒಂದು ಮಾತೂ ಸುಳ್ಳಲ್ಲ.

ಮನೆಗೆ ಹೋಗುವ ಆಟೋದಲ್ಲಿ ಅಪ್ಪ ಮಗಳು ಇಬ್ಬರೇ.  ಧರಣಿ ಹೊರಗೆ ನೋಡುತ್ತಲೇ ಚಿಕ್ಕ ದನಿಯಲ್ಲಿ, ‘ಅಪ್ಪ, ಅವರಿಗೆ ಹೇಳಿದ್ದು ಹೋಗ್ಲಿ ಬುಡು. ನನಗೆ ಹೇಳು, ದೊಡ್ಡಮ್ಮ ಹೆಂಗಿದ್ಲು?’ ಅಂತ ಕೇಳಿದಳು.

ಕೇಳುವುದು ಅಂದರೆ ಹೀಗೆ ಕೇಳಬೇಕು. ಅಷ್ಟು ನೇರವಾಗಿ ಅವಳು ಹುಟ್ಟಿದಾರಭ್ಯ ಕೇಳಿದ್ದಿಲ್ಲ. ಜವರಪ್ಪನವರ ನಾಲಿಗೆಯ ತುದಿಗೆ ಪುಟ್ಟಲಿಂಗಮ್ಮನ ಹೆಸರು ಬಂದಿತ್ತು. ಆದರೆ ಆ ಹೆಸರು ಹೊರಬಿದ್ದರೆ ಕಣ್ಣೀರೂ ಬರುತ್ತದೆ, ಮಗಳ ಮುಂದೆ ಅತ್ತು ಅಭ್ಯಾಸವಿಲ್ಲ, ಮುಂದೆ ಆಟೋದವನ ಕನ್ನಡಿ ಬೇರೆ. ಮನೆಗೆ ಹೋಗಿ ನಿಧಾನಕ್ಕೆ ಹೇಳೋಣ ಅಂತ ಅಂದುಕೊಂಡು, ‘ಪರವಾಗಿಲ್ಲ ಕಣವ್ವ’ ಅಂದರು. ಕಿವಿ ಕೆಂಪಗಾಗಿತ್ತೋ ಏನೋ. ಟವೆಲ್ಲನ್ನು ತಲೆಗೆ ಸುತ್ತಿಕೊಂಡಿದ್ದರು, ಅವಳಿಗೆ ಕಾಣುವ ಹಾಗಿರಲಿಲ್ಲ.

ಮನೆಗೆ ಹೋದ ಮೇಲೆ ಹೇಳಿದರೇ? ಎಲ್ಲಿ ಬಂತು. ಊಟವಾಯಿತು, ಧರಣಿ ಬಟ್ಟೆ ಒಗೆಯಲು ಹೋದಳು, ಇವರು ಪೇಪರ್ ಹಿಡಿದರು. ನಾಳೆ ಹೇಳೋಣ ಅನ್ನಿಸಿತು. ನಾಳೆಯೂ ಬಂತು, ಸ್ಟುಡಿಯೋ, ಫೋನು, ಅವಸರ. ಹೇಳಬೇಕಾದ ಮಾತು ಒಂದು ದಿನ ತಂಗಿದರೆ ಮರುದಿನ ಅದನ್ನು ಎತ್ತಲು ಇನ್ನೊಬ್ಬರ ಸಹಾಯ ಬೇಕಾಗುತ್ತದೆ. ಆ ಇನ್ನೊಬ್ಬರು ಫೋಟೋದಲ್ಲಿದ್ದರು.

ಬುಧವಾರ ಸಂಜೆ ಧರಣಿಯೇ ಕಾಫಿ ಲೋಟ ತಂದಿಟ್ಟು ಮಾತು ತೆಗೆದಳು.

‘ಶಿವರುದ್ರಪ್ಪ ಅಂಕಲ್‌ಗೆ ಫೋನ್ ಮಾಡಿದ್ದೆ ಅಪ್ಪ. ಸೋಮವಾರದಿಂದ ಬಾ ಅಂದ್ರು.’

ಜವರಪ್ಪ ಲೋಟ ಎತ್ತಿದವರು ಹಾಗೇ ಇಟ್ಟರು. ಯಾವ ಕೆಲಸಕ್ಕಾಗಿ ತಾವೇ ಹೋಗಿ ಕೈಮುಗಿದು ಬಂದಿದ್ದರೋ ಅದೇ ಕೆಲಸ. ಸಂತೋಷವಾಗಬೇಕಿತ್ತು. ಆಗಲಿಲ್ಲ. ಬೇಡ ಅನ್ನೋಣ ಅಂದರೆ ಯಾವ ಮುಖ ಇಟ್ಟುಕೊಂಡು? ‘ನಿನ್ನಿಷ್ಟ ಕಣವ್ವ’ ಅಂದರು. ಧರಣಿ ತಲೆಯಾಡಿಸಿ ಒಳಗೆ ಹೋದಳು. ಸೋಮವಾರ ಕಂಪನಿ ಬಸ್ಸು ಹತ್ತಿದಳು.

ಒಂದು ತಿಂಗಳು ಹೀಗೇ ಕಳೆಯಿತು. ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೋಗುವುದು, ಸಂಜೆ ಮೈಯೆಲ್ಲ ಗಂಧದ ವಾಸನೆ ಹೊತ್ತು ಬರುವುದು, ಉಂಡು ಮಲಗುವುದು. ಗೋಡೆಗೆ ಒರಗಿಸಿಟ್ಟಿದ್ದ ಅವಳ ಚಿತ್ರದ ಹಲಗೆಯ ಮೇಲೆ ಒಗೆದ ಬಟ್ಟೆ ಬಿದ್ದಿರುತ್ತಿತ್ತು. ಜವರಪ್ಪ ಅದನ್ನು ಮಡಿಸಿ ಎತ್ತಿಡುತ್ತಿದ್ದರು. ಮರುದಿನ ಮತ್ತೆ ಅಲ್ಲೇ ಬಟ್ಟೆ.

ಒಂದು ಮಧ್ಯಾಹ್ನ ಕುಸುಮಾ ಮೊಬೈಲ್ ಹಿಡಿದುಕೊಂಡು ಬಂದರು. ‘ಇದು ನೀವೇ ಅಲ್ವೇನ್ರೀ?’ ಅಂದರು. ಗಗನಳ ಚಾನೆಲ್ಲಿನ ವಿಡಿಯೋ. ಪೇಟದ ಮೇಷ್ಟ್ರು, ಮೊಬೈಲ್ ಕೇಳದ ಪಾಪುವಿನ ತಾಯಿ, ಹಲ್ಲಿಲ್ಲದ ಹುಡುಗಿ ಎಲ್ಲ ಬಂದು ಹೋದ ಮೇಲೆ ಜವರಪ್ಪ. ‘ಪರವಾಗಿಲ್ಲ’, ‘ಪರವಾಗಿಲ್ಲ’, ‘ಇಲ್ಲ’, ‘ಅಷ್ಟೇ’. ಕೆಳಗೆ ಜನ ನಗುವ ಮುಖಗಳನ್ನು ಸುರಿದು, ತಾತ ಒಂದೇ ಏಟಿಗೆ ಸಿನಿಮಾ ಮುಗಿಸಿದ ಅಂತ ಬರೆದಿದ್ದರು. ಜವರಪ್ಪನವರಿಗೆ ಅದರಿಂದೇನೂ ಆಗಲಿಲ್ಲ. ಅವರು ನೋಡಿದ್ದು ಬೇರೆ. ಪರದೆಯ ಮೂಲೆಯಲ್ಲಿ, ಅವರ ಹೆಗಲ ಹಿಂದೆ, ಧರಣಿ ನಿಂತಿದ್ದಳು. ಅಪ್ಪನ ಬಾಯಿಂದ ಏನು ಬರುತ್ತದೋ ಅಂತ ಮುಖ ಮುಂದೆ ಮಾಡಿ, ನಗಲು ತಯಾರಾಗಿ ನಿಂತಿದ್ದಳು. ಒಂದನೇ ‘ಪರವಾಗಿಲ್ಲ’ಕ್ಕೂ ಆ ನಗು ಹಾಗೇ ಇತ್ತು. ಎರಡನೆಯದಕ್ಕೆ ಸ್ವಲ್ಪ ಬಾಡಿತು. ‘ಇಲ್ಲ’ ಅಂದಾಗ ಅವಳು ತಲೆ ತಗ್ಗಿಸಿ ಚಪ್ಪಲಿ ನೋಡಿಕೊಂಡಳು.

‘ಇನ್ನೊಂದ್ಸಲ ಹಾಕಮ್ಮ’ ಅಂದರು ಜವರಪ್ಪ. ಕುಸುಮಾ ಮತ್ತೆ ಹಾಕಿದರು. ಆಮೇಲೆ ಇನ್ನು ತಡೆಯಲಾರದೆ, ಕರಿಬೇವು ಬಿಡಿಸುವಾಗ ಧರಣಿ ಆಡಿದ ಮಾತನ್ನೆಲ್ಲ ಒಂದೂ ಬಿಡದೆ ಹೇಳಿಬಿಟ್ಟರು.

‘ಮೊದಲೇ ಯಾಕಮ್ಮ ಹೇಳ್ನಿಲ್ಲ ನೀವು?’

‘ನೀವು ಅಂತೀರಿ ಅಂದ್ಕೊಂಡಿದ್ದೆ ಕಣ್ರೀ. ಅಷ್ಟು ದೊಡ್ಡ ಕೆಲಸ ಮಾಡವ್ಳೆ, ಇವತ್ತಾದ್ರೂ ಅಂತಾರೆ ಅಂದ್ಕೊಂಡಿದ್ದೆ.’

ಮರುದಿನ ಬೆಳಗ್ಗೆ ಧರಣಿ ಹೊರಟಾಗ ಜವರಪ್ಪನೂ ಚಪ್ಪಲಿ ಮೆಟ್ಟಿದರು. ಬುತ್ತಿಯ ಚೀಲ ತಾವೇ ಹಿಡಿದುಕೊಂಡು ಬಸ್ಸು ನಿಲ್ಲುವ ಮೂಲೆಯವರೆಗೂ ಸುಮ್ಮನೆ ನಡೆದರು. ಅಲ್ಲಿ ಟ್ಯುಟೋರಿಯಲ್ಲಿಗೆ ಹೋಗುವ ಹುಡುಗರು, ಇಡ್ಲಿ ಗಾಡಿ, ಆಟೋಗಳು. ಅಳುವುದಕ್ಕೆ ಅದಕ್ಕಿಂತ ಕೆಟ್ಟ ಜಾಗ ಸಿಕ್ಕುವುದಿಲ್ಲ. ಜವರಪ್ಪ ಇನ್ನು ಅದನ್ನೆಲ್ಲ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ.

‘ಅದು ನಿಮ್ಮವ್ವ ಕಣವ್ವ’ ಅಂದರು.

ಧರಣಿ ತಿರುಗಿ ನೋಡಿದಳು.

‘ದೊಡ್ಡಮ್ಮ. ಮರ ನೋಡೋ ಹಂಗೆ ನಿಂತ್ಕತಿದ್ಲಲ್ಲ. ಮಂಡಿ ನೋವು ತೋರುಸ್ಬಾರ್ದು ಅಂತ. ನಾನು ಅಲ್ಲೇ ಅತ್ತುಬುಟ್ಟೆ ಮಗ. ಮಾತು ಬರ್ನಿಲ್ಲ ನಂಗೆ. ಬಂದಿದ್ರೆ...’ ಅನ್ನುವಷ್ಟರಲ್ಲಿ ದನಿ ಒಡೆಯಿತು. ಟವೆಲ್ಲು ಹುಡುಕಿದರು, ತಂದಿರಲಿಲ್ಲ. ಅಂಗೈಯಲ್ಲೇ ಒರೆಸಿಕೊಂಡರು. ‘ಬಲು ಚೆನ್ನಾಗಿ ಮಾಡಿದ್ದೆ ಕಣವ್ವ. ಅಷ್ಟು ಚೆನ್ನಾಗಿ ಯಾರೂ ಮಾಡಾಕಾಗಲ್ಲ.’

ಧರಣಿಯ ಕಣ್ಣೂ ತುಂಬಿತು. ಅವಳು ಅಪ್ಪನ ತೋಳು ಹಿಡಿದುಕೊಂಡಳು.

‘ಮೈಕ್ ಮುಂದೆ ಹೇಳ್ದೆ ಇದ್ದಿದ್ರೂ ನಡೀತಿತ್ತು ಅಪ್ಪ’ ಅಂದಳು. ‘ಆಟೋದಲ್ಲಿ ನಾವಿಬ್ರೇ ಇದ್ವಲ್ಲ.’

‘ತಪ್ಪಾಯ್ತು. ಈಗ್ಲೂ ಏನಾಗದೆ? ಫೋನ್ ಮಾಡು ಸ್ಟುಡಿಯೋದವ್ರಿಗೆ. ಊದುಬತ್ತಿ ಬ್ಯಾಡ, ನಾನೇ ಶಿವರುದ್ರಪ್ಪನವರಿಗೆ ಹೇಳ್ತೀನಿ.’

‘ಸ್ಟುಡಿಯೋಲಿ ನನ್ನ ಜಾಗಕ್ಕೆ ನಿಶಾಂತ್ ಅನ್ನೋನು ಬಂದಾಯ್ತಪ್ಪ. ಎರಡನೇ ಪಾರ್ಟ್‌ಗೆ ದೊಡ್ಡಮ್ಮನ್ನ ಅವನೇ ಮಾಡ್ತಾವ್ನೆ. ಒಳ್ಳೇ ಹುಡುಗ, ಕೈ ಚೆನ್ನಾಗಿದೆ.’ ಧರಣಿ ಬುತ್ತಿಯ ಚೀಲ ಇಸಿದುಕೊಂಡಳು. ‘ಮೊನ್ನೆ ಫೋನ್ ಮಾಡಿದ್ದ. ದೊಡ್ಡಮ್ಮ ನಡೀತಾ ನಡೀತಾ ಯಾಕೆ ಅಲ್ಲಲ್ಲಿ ನಿಂತ್ಕೋತಾಳೆ, ಸೀನ್ ಎಳೀತದೆ, ಆ ನಿಲ್ಲೋದನ್ನ ತೆಗೆದುಬಿಡ್ಲಾ ಅಂತ ಕೇಳ್ದ.’

‘ನೀನೇನಂದೆ?’

ನಂಜನಗೂಡು ರಸ್ತೆಯ ಕಡೆ ಹೋಗುವ ಕಂಪನಿ ಬಸ್ಸು ತಿರುವಿನಲ್ಲಿ ಹಾರನ್ ಮಾಡಿತು. ಧರಣಿ ಅಪ್ಪನ ಮುಖ ನೋಡಲಿಲ್ಲ.

‘ತೆಗಿ ಅಂದೆ’ ಅಂದು ಬಸ್ಸು ಹತ್ತಿದಳು.